14 ಫೂಟಿನ ಪಡಸಾಲಿ, ಅದರ ಕೆಳಗಿನ ಹಗೇವು

ಮಗನ ಮದುವಿ ಗೊತ್ತಾದಾಗಿಂದ ನಮ್ಮ ಮನ್ಯಾಗ ರಿಪೇರಿ ಮಾತು ನಡೆದೈತಿ. ಪಡಸಾಲಿಯ ಒಂದು ಗ್ವಾಡಿ ತುಂಬ, ನೆಲದಿಂದ ಜಂತಿ ತನಕ ಕಪಾಟು ಕೂಡಿಸಬೇಕು ಅಂತ ಅವನ ಆಸೆ. ಟೇಪು ಹಿಡಿದು ನೋಡಿದರೆ ಎತ್ತರ 14 ಫೂಟು. ಬಡಿಗ್ಯಾರು ಬಂದು ನೋಡಿ, "ಗ್ವಾಡಿ ನಾಕಿಂಚು ಕೊರದು ಅಡ್ಡಪಟ್ಟಿ ಸೇರಿಸಿದ್ರ ಗಟ್ಟಿ ಆಕ್ಕೈತ್ರಿ" ಅಂದರು. ಕೊರೆಯೋದು ಅಂದ ಕೂಡಲೇ ನನಗೆ 2009 ನೆನಪಾಯಿತು. ಅದನ್ನ ಆಮೇಲೆ ಹೇಳ್ತೀನಿ. ಯಲಬುರ್ಗಾ, ಕುಷ್ಟಗಿ ಕಡೆ ನಿಮ್ಮಲ್ಲೂ ಕೆಲವರದು ಇಂಥ ಮಣ್ಣಿನ ಮಾಳಿಗಿ ಮನಿ ಉಳಿದಿರಬೇಕು. ಹಿರೇರು ಇಷ್ಟು ಎತ್ತರ ಯಾಕೆ ಕಟ್ಟಿದರು, ಸಾಮಾನು ಎಲ್ಲಿ ಇಡ್ತಿದ್ದರು ಅನ್ನೋದನ್ನ ಬರೆದಿಡೋಣ ಅನ್ನಿಸಿತು.

ಎತ್ತರಕ್ಕೆ ಕಾರಣ ಡೌಲು ಅಲ್ಲ. ಕೆಳಗೆ ದಂದಕ್ಕಿಯಲ್ಲಿ ಎತ್ತು, ಎಮ್ಮಿ. ಮೂರು ಮೆಟ್ಟಿಲು ಮೇಲೆ ನಾವು. ಒಂದೇ ಮಾಳಿಗಿ ಕೆಳಗೆ ದನದ ಉಸಿರು, ಒಲಿ ಹೊಗಿ, ಮೇ ತಿಂಗಳ 40 ಡಿಗ್ರಿ ಬಿಸಿಲು. ಬಿಸಿ ಗಾಳಿ ಮೇಲೇರಿ ಬೆಳಕಿಂಡಿಯಿಂದ ಹೊರಗೆ ಹೋಗಬೇಕು ಅಂದ್ರ ಎತ್ತರ ಬೇಕೇ ಬೇಕು. ಆ ಮಾಳಿಗಿ ಅಂದ್ರ ತೊಲಿ, ಅದರ ಮ್ಯಾಲ ಜಂತಿ, ಬೇವಿನ ಸೊಪ್ಪು, ಮಣ್ಣು, ಎಲ್ಲಕ್ಕಿಂತ ಮ್ಯಾಲ ಕರಲು ಮಣ್ಣು. ಬೆಳಿ ಬಾರದ ಸವಳು ಭೂಮಿಯ ಈ ಮಣ್ಣು ತೊಯ್ದರೆ ಅದರ ಸೂಕ್ಷ್ಮ ಕಣ ಬಿಚ್ಚಿಕೊಂಡು ಸಂದಿ ಎಲ್ಲ ಮುಚ್ಚತಾವು, ನೀರು ಕೆಳಗೆ ಇಳಿಯಂಗಿಲ್ಲ. ಹೊಲದಾಗ ನಾವು ಬೈಯೋ ಗುಣಾನ ಮನಿ ಕಾಯ್ತಿತ್ತು! ಮಳಿಗಾಲಕ್ಕಿಂತ ಮುಂಚೆ ಪ್ರತಿ ವರ್ಷ ಒಂದು ಪದರ ಹಾಕೋದು ರೂಢಿ. ಹಳೇದನ್ನ ತೆಗೆಯದೆ ಹಾಕುತ್ತ ಹೋದವರ ಮನಿ ತೊಲಿ ಭಾರಕ್ಕೆ ಬಾಗಿದ್ದನ್ನೂ ನೋಡೀನಿ.

ಇನ್ನ ಸಾಮಾನಿನ ಜಾಗ. ಮಾಡ, ಗೂಡು ಅಂತ ಗ್ವಾಡಿ ಒಳಗೆ ಇರತಾವಲ್ಲ, ಅವನ್ನ ಕಟ್ಟುವಾಗಲೇ ಬಿಟ್ಟದ್ದು. ಮೇಲೆ ಚಪ್ಪಡಿಯೋ ಹಲಗಿಯೋ ಅಡ್ಡ ಇಟ್ಟು ಭಾರ ಆಚೆ ಈಚೆ ಹಂಚಿರತಾರ. ಗಡಿಗಿಗೆ ನಾಗೊಂದಿಗಿ, ಬಟ್ಟಿಗೆ ಗೂಟ, ಹಾಲು ಬೆಣ್ಣಿಗೆ ತೊಲಿಯಿಂದ ಇಳಿಬಿಟ್ಟ ನೆಲವು. ಬೀಜದ ಜ್ವಾಳದ ತೆನಿ ಒಲಿ ಮ್ಯಾಲಿನ ಅಟ್ಟದಾಗ, ಹೊಗಿಗೆ ಹುಳ ಹತ್ತಬಾರದು ಅಂತ. ಆ ಅಟ್ಟ ಗ್ವಾಡಿಗೆ ಜೋತು ಬಿದ್ದಿರಲಿಲ್ಲ, ತನ್ನ ಕಂಬದ ಮ್ಯಾಲ ತಾನು ನಿಂತಿತ್ತು.

ದೊಡ್ಡ ಉಗ್ರಾಣ ಮಾತ್ರ ನೆಲದ ಕೆಳಗೆ. ಹಗೇವು. ಒಬ್ಬ ಮನಷ್ಯಾ ಇಳಿಯೋ ಅಷ್ಟು ಬಾಯಿ, ಒಳಗೆ ಹ್ವಾದಂಗ ಅಗಲ. ತಳಕ್ಕೆ, ಸುತ್ತಲೂ ಒಣ ಸೊಪ್ಪಿ, ಹುಲ್ಲು ಹೊಂದಿಸಿ ಜ್ವಾಳ ತುಂಬಿ, ಬಾಯಿಗೆ ಚಪ್ಪಡಿ ಎಳೆದು ಮಣ್ಣು ಮೆತ್ತಿಬಿಟ್ಟರೆ ಕಾಳೂ ಹುಳಾನೂ ಉಸಿರಾಡಿ ಒಳಗಿನ ಆಮ್ಲಜನಕ ತೀರಿಸತಾವು. ಹುಳ ಸಾಯತಾವು, ಕಾಳು ಉಳಿಯತೈತಿ. ಧಾತು, ಈಶ್ವರ ಸಂವತ್ಸರದ ಬರ, ಅಂದ್ರ 1876-78ರದ್ದು, ನಮ್ಮ ಸೀಮಿಯನ್ನ ಹಣ್ಣು ಮಾಡಿತು. ಆ ಮ್ಯಾಲ ಹಗೇವು ಖಾಲಿ ಇಡಬಾರದು ಅನ್ನೋ ಅಂಜಿಕಿ ನಮ್ಮ ಮನ್ಯಾಗ ನಾಕು ತಲಿ ನಡೆದು ಬಂತು. 1948ರಾಗ ರಜಾಕಾರರ ಕಾಟಕ್ಕೆ ಗಡಿ ಊರಿನ ಮಂದಿ ಮುಂಡರಗಿ, ಗಜೇಂದ್ರಗಡ ಕಡೆ ಹೋದಾಗ ನಮ್ಮ ಅಜ್ಜನೂ ಹಗೇವು ಮುಚ್ಚಿ, ಮ್ಯಾಲ ಸಗಣಿ ಸಾರಿಸಿ ಗಾಡಿ ಕಟ್ಟಿದ್ನಂತ. ಸೆಪ್ಟೆಂಬರ್‌ನ ಪೊಲೀಸ್ ಕಾರ್ಯಾಚರಣೆ ಮುಗಿದು ತಿರುಗಿ ಬಂದಾಗ ಮನಿ ಬಾಗಲಾ ಇರಲಿಲ್ಲ, ಜ್ವಾಳ ಇತ್ತು.

1953ಕ್ಕೆ ತುಂಗಭದ್ರಾ ನೀರು ಬಂದ ಮ್ಯಾಲ ಗಂಗಾವತಿ ಕಡೆ ಕತಿ ಬ್ಯಾರೆ. ಗದ್ದಿ ಸುತ್ತ ನೆಲ ಬಸಿಯಾಕ ಹತ್ತಿದ್ರ ಹಗೇವು ಹ್ಯಾಂಗ ಉಳಿದೀತು? ಒಣಬ್ಯಾಸಾಯದ ನಮ್ಮ ಕಡೆ ಅದು ಇನ್ನೊಂದಷ್ಟು ವರ್ಷ ಉಳಿತು. ಆಮೇಲೆ ಗೋಣಿಚೀಲ, ರೇಷನ್ ಅಕ್ಕಿ. ನಮ್ಮದನ್ನ ಕಡಿಗೆ ತುಂಬಿದ್ದು ನಾನು ಸಾಲಿ ಕಲಿಯುವಾಗ.

ಈಗ 2009. ಅದಕ್ಕಿಂತ ಮೂರು ವರ್ಷ ಮುಂಚೆ ಅಡಗಿಮನಿ ಗ್ವಾಡಿ ಆರಿಂಚು ಆಳ ಅಡ್ಡ ಕೊರೆಸಿ, ಕಡಪಾ ಕಲ್ಲಿನ ಕಪಾಟು ಕೂಡಿಸಿ, ಒಳಗೆ ಸಿಮೆಂಟ್ ಗಿಲಾಯ ಮಾಡಿಸಿದ್ದೆ. ಯಾರೂ ಹೇಳಿದ್ದಲ್ಲ, ನಂದೇ ಶಾಣ್ಯಾತನ. ಆ ವರ್ಷ ಸೆಪ್ಟೆಂಬರ್ ಕೊನಿ, ಅಕ್ಟೋಬರ್ ಮೊದಲಿನ ಮಳಿ ನಿಮಗೂ ಮರೆತಿರಂಗಿಲ್ಲ. ಮಣ್ಣಿನ ಗ್ವಾಡಿ ಹೊರಗಿನಿಂದ ನೀರು ಕುಡೀತು, ಒಳಗೆ ಸಿಮೆಂಟು ಅದನ್ನ ಆರಗೊಡಲಿಲ್ಲ, ಕೊರೆದ ಗೆರಿಗೇ ಸರಿಯಾಗಿ ಗ್ವಾಡಿ ಕುಸೀತು. ರಾತ್ರಿ ಎರಡು ಗಂಟಿ. ಅವ್ವ ದಿನಾ ಅಲ್ಲೇ ಮಲಗಾಕಿ. ಅವತ್ತು ಸೋರತೈತಿ ಅಂತ ಪಡಸಾಲಿಗೆ ಬಂದಿದ್ಲು. ಒಂದು ಎಮ್ಮಿಗರ ಹೋತು.

ಅದಕ್ಕ ಈ ಸಲ ಗ್ವಾಡಿಗೆ ಉಳಿ ಮುಟ್ಟಿಸಂಗಿಲ್ಲ ಅಂತ ಮಗನಿಗೆ ಹೇಳೀನಿ. ಕಪಾಟು ತನ್ನ ಕಾಲ ಮ್ಯಾಲ ತಾನು ನಿಲ್ಲಬೇಕು, ಗ್ವಾಡಿಯಿಂದ ನಾಕು ಬೆರಳು ದೂರ, ಗಾಳಿ ಆಡಂಗ. ಗೆದ್ದಲು ಹತ್ತಿದರೂ ಕಣ್ಣಿಗೆ ಬೀಳತೈತಿ. ಎಂಟು ಫೂಟಿಗೆ ಕಪಾಟು ಸಾಕು. ಅದರ ಮ್ಯಾಲ ಕಂಬ ಕೊಟ್ಟು ಅಟ್ಟ, ವರ್ಷಕ್ಕೊಮ್ಮೆ ಬೇಕಾಗೋ ಹಂಡೆ, ಜಮಖಾನಿ, ತಾಡಪಾಲಿಗೆ. ಉಳಿದ ಮ್ಯಾಲಿನ ಜಾಗ ಗಾಳಿಗೇ ಇರಲಿ. ಬೆಳಕಿಂಡಿ ಮುಚ್ಚಂಗಿಲ್ಲ, ಅದಕ್ಕೊಂದು ಗಾಜು ಕೂಡಿಸಿ ಮಗ್ಗಲಿಗೆ ಜಾಳಿಗಿ ಬಿಡೋದು. ಕಿತ್ತು ಹೋದ ಕಡೆ ಮಣ್ಣು, ಸುಣ್ಣದ ಗಿಲಾಯ, ಸಿಮೆಂಟು ಬ್ಯಾಡ.

ಇಷ್ಟೆಲ್ಲಾ ಒಪ್ಪಿ, ಕಪಾಟಿನ ಕಾಲು ಎಲ್ಲಿ ಬರತಾವು ಅಂತ ಸುಣ್ಣದ ಗುರುತು ಹಾಕಿದ್ವಿ. ಎರಡು ಕಾಲು ಸರಿಯಾಗಿ ಹಗೇವಿನ ಮ್ಯಾಲ! ಹಾರಿ ಬಡಿದರೆ ಟೊಳ್ಳು ಸಪ್ಪಳ. ಮಗ ಮುಚ್ಚಿಸೋಣ ಅಂತಾನ. 84ರ ನಮ್ಮಪ್ಪ ಕಪಾಟನ್ನೇ ಆ ಕಡಿ ಗ್ವಾಡಿಗೆ ಒಯ್ಯಿರಿ ಅಂತಾನ. ನಾನಿನ್ನೂ ಯಾರ ಕಡಿಗೂ ಹೊಳ್ಳಿಲ್ಲ. ಒಂದು ಮಾತ್ರ ಗಟ್ಟಿ: ಚಪ್ಪಡಿ ತೆಗೆದ ದಿನ ಯಾರೂ ಬಗ್ಗಿ ಸೈತ ನೋಡೋದು ಬ್ಯಾಡ. ಮುಚ್ಚಿದ ಹಗೇವಿಗೆ ಇಳಿದು ಉಸಿರು ಕಟ್ಟಿ ಸತ್ತವರ ಸುದ್ದಿ ನಮ್ಮ ಹಿರೇರು ಬೇಕಾದಷ್ಟು ಹೇಳ್ಯಾರ. ಎರಡು ದಿನ ಬಾಯಿ ತೆರೆದಿಟ್ಟು, ಹಗ್ಗಕ್ಕೆ ದೀಪ ಕಟ್ಟಿ ಬಿಟ್ಟು ನೋಡೋದು. ದೀಪ ಉರಿದರೂ ಮನಷ್ಯಾ ಇಳಿಯೋದು ಬ್ಯಾಡ, ಆಳ ಅಳಿಯಾಕ ಹಗ್ಗ ಸಾಕು. ತುಂಬಿಸೋದು ಅಂತ ಆದ್ರ ಮ್ಯಾಲಿಂದಾನ ಮರಂ ಸುರಿದು ನೀರು ಬಿಟ್ಟು ಕೂಡಿಸೋದು.

ಯುಗಾದಿ ಮುಗಿದ ವಾರ ಚಪ್ಪಡಿ ತೆಗಿತೀವಿ. ನಿಮ್ಮ ಮನಿ ಹಗೇವು ತುಂಬಿಸಿದವರು ಇದ್ರ, ಎಷ್ಟು ಟ್ರಾಕ್ಟರ್ ಮರಂ ಹಿಡೀತು, ಒಂದು ಮಳಿಗಾಲ ಕಳೆದ ಮ್ಯಾಲ ನೆಲ ಕುಸೀತೋ ಇಲ್ಲೋ, ಕೆಳಗೆ ಬರೀರಿ.