ಕಚ್ಚುವ ಉಣ್ಣೆ

ಕನ್ನಡದಲ್ಲಿ ಉಣ್ಣೆ ಎರಡು. ಒಂದು ಸ್ವೆಟರಿಗೆ ಬೇಕು, ಇನ್ನೊಂದು ಯಾರಿಗೂ ಬೇಡ. ಕುರಿಯ ಮೈಮೇಲೆ ಎರಡೂ ಸಿಗುತ್ತವೆ, ಆದರೆ ನೆಂಟಸ್ತಿಕೆಯೇನೂ ಇಲ್ಲ. ಸ್ವೆಟರಿನ ಉಣ್ಣೆ ಸಂಸ್ಕೃತದ ‘ಊರ್ಣಾ’ದ ಕಡೆಯಿಂದ ಬಂದದ್ದು. ಕಚ್ಚುವ ಉಣ್ಣೆ ಈ ನೆಲದ್ದೇ. ತಮಿಳರಿಗೂ ಅದು ‘ಉಣ್ಣಿ’, ಮಲೆನಾಡಿನವರ ಬಾಯಲ್ಲಿ ‘ಉಣುಗು’. ಎಲ್ಲದರಲ್ಲೂ ನನಗಂತೂ ‘ಉಣ್ಣು’ ಕೇಳಿಸುತ್ತದೆ.

ಹೆಸರು ಕೇಳಿ ಹೊಟ್ಟೆಬಾಕ ಅಂದುಕೊಳ್ಳಬೇಡಿ, ಮಕ್ಕಳೇ. ಕಾಡಿನ ಉಣುಗು ಹುಟ್ಟಿನಿಂದ ಸಾಯುವವರೆಗೆ ಉಣ್ಣುವುದು ಹೆಚ್ಚೆಂದರೆ ಮೂರು ಸಲ: ಮರಿಯಾಗಿದ್ದಾಗ ಒಮ್ಮೆ, ಪೊರೆ ಕಳಚಿ ಎಳೆಯದಾದಾಗ ಒಮ್ಮೆ, ಬೆಳೆದ ಮೇಲೆ ಒಮ್ಮೆ. ಒಂದೊಂದು ಊಟವೂ ದಿನಗಟ್ಟಲೆ ನಡೆಯುತ್ತದೆ. ನಡುವಿನದು ತಿಂಗಳುಗಟ್ಟಲೆಯ ಉಪವಾಸ. ಕೊನೆಯ ಊಟ ಮುಗಿಸಿದ ಹೆಣ್ಣು ಹರಳುಬೀಜದಂತೆ ಉಬ್ಬಿ ಕೆಳಗೆ ಬಿದ್ದು, ಸಾವಿರಗಟ್ಟಲೆ ಮೊಟ್ಟೆಯಿಟ್ಟು ಸಾಯುತ್ತದೆ. ನಾವು ‘ಉಣ್ಣೆಹುಳು’ ಎಂದರೂ ಇದು ಕೀಟವಲ್ಲ, ಜೇಡ ಚೇಳುಗಳ ಬಳಗ. ಬೆಳೆದದ್ದಕ್ಕೆ ಎಂಟು ಕಾಲು. ಮರಿಗೆ ಮಾತ್ರ ಆರೇ, ಎಣಿಸಿದವರು ಮೋಸಹೋಗಬೇಕು!

ಇದಕ್ಕೆ ಹಾರಲು ಬಾರದು, ನೆಗೆಯಲೂ ಬಾರದು. ಹುಲ್ಲಿನ ತುದಿಗೇರಿ ಮುಂಗಾಲು ಚಾಚಿ ಕೂತಿರುತ್ತದೆ. ಆ ಮುಂಗಾಲಲ್ಲೇ ಇದರ ಮೂಗು: ನಮ್ಮ ಉಸಿರು, ಮೈಬಿಸಿ ಅದಕ್ಕೆ ತಿಳಿಯುತ್ತದೆ. ತಾಗಿಕೊಂಡು ಹೋದಿರೋ, ಹತ್ತಿಕೊಂಡಿತು.

ಕೆಚ್ಚಲಿಗೆ ಅಂಟಿದ ಉಣ್ಣೆಗೆ ಹಾಲಿನ ರುಚಿ ಗೊತ್ತಿಲ್ಲ ಎಂದು ಹಿರಿಯರು ಆಡಿಕೊಳ್ಳುವುದುಂಟು. ಪಾಪ, ಅದು ಕೆಚ್ಚಲು ಹುಡುಕುವುದು ಅಲ್ಲಿ ಚರ್ಮ ತೆಳುವೆಂದು. ಬಾಯಿಯ ಕೊಳವೆಗೆ ಹಿಮ್ಮುಖ ಮುಳ್ಳುಗಳಿರುವುದರಿಂದ ಒಮ್ಮೆ ನೆಟ್ಟರೆ ಸುಲಭಕ್ಕೆ ಕಳಚುವುದಿಲ್ಲ. ಬಿಡದೆ ಬೆನ್ನುಬಿದ್ದವರನ್ನು ಉಣ್ಣೆಗೆ ಹೋಲಿಸುವುದು ಸುಮ್ಮನೆ ಅಲ್ಲ.

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು, ಸುತ್ತಲ ಜನರಿಗೆ ಜ್ವರ ಬಂತು. ಅದಕ್ಕೆ ‘ಮಂಗನ ಕಾಯಿಲೆ’ ಎಂದು ಹೆಸರು ಬಿತ್ತು. ವೈರಸ್ ದಾಟಿಸುವುದು ಉಣುಗು, ಕೆಟ್ಟ ಹೆಸರು ಮಂಗಕ್ಕೆ! ಮಳೆ ನಿಂತು ಬೇಸಿಗೆ ಮುಗಿಯುವವರೆಗೆ ಎಳೆಯ ಉಣುಗುಗಳು ಹೆಚ್ಚು. ದರಗು ತರಲು, ಸೌದೆಗೆ ಕಾಡಿಗೆ ಹೋಗುವವರು ಮೈಗೆ ಎಣ್ಣೆ ಹಚ್ಚಿಕೊಳ್ಳುವುದು ಅದಕ್ಕೇ.

ನಿಮಗೆ ಹತ್ತಿದರೆ ಹಿಸುಕಬೇಡಿ, ಸೀಮೆಎಣ್ಣೆ ಸುರಿಯಬೇಡಿ. ದೊಡ್ಡವರನ್ನು ಕರೆದು, ಚಿಮಟದಿಂದ ಚರ್ಮದ ಹತ್ತಿರವೇ ಹಿಡಿಸಿ ನೇರಕ್ಕೆ ಎಳೆಸಿ, ಸೋಪು ಹಾಕಿ ತೊಳೆಯಿರಿ. ಆಮೇಲೆ ಜ್ವರ ಬಂದರೆ ಡಾಕ್ಟರ ಮುಂದೆ ಉಣ್ಣೆ ಕಚ್ಚಿತ್ತು ಎಂದು ಮೊದಲೇ ಹೇಳಿ.