ಬಿಸಿ ಪಾರ್ಸೆಲ್ ಊಟಕ್ಕೆ ಜಿಎಸ್‌ಟಿ: ಬಿಲ್ಲಿನಲ್ಲಿ ನೋಡಬೇಕಾದದ್ದು

ಹೋಟೆಲಿನಿಂದ ಕಟ್ಟಿಸಿಕೊಂಡು ಬರುವ ಬಿಸಿ ಆಹಾರಕ್ಕೆಂದು ಪ್ರತ್ಯೇಕ ತೆರಿಗೆ ದರ ನಮ್ಮ ದೇಶದಲ್ಲಿಲ್ಲ. ಕುಳಿತು ಉಂಡರೂ ಪಾರ್ಸೆಲ್ ಒಯ್ದರೂ ಕಾನೂನಿನ ದೃಷ್ಟಿಯಲ್ಲಿ ಅದು ‘ರೆಸ್ಟೋರೆಂಟ್ ಸೇವೆ’ಯೇ. 2017ರ ನವೆಂಬರ್ 15ರಿಂದ ಸಾಮಾನ್ಯ ಹೋಟೆಲುಗಳಲ್ಲಿ ಅದರ ದರ ಶೇ. 5. ದುಬಾರಿ ಕೋಣೆಗಳಿರುವ, ‘ನಿರ್ದಿಷ್ಟ ಆವರಣ’ವೆಂದು ಪರಿಗಣಿತವಾದ ಹೋಟೆಲು, ರೆಸಾರ್ಟುಗಳೊಳಗಿನ ಊಟಕ್ಕೆ ಮಾತ್ರ ಶೇ. 18. ಬ್ರಿಟನ್ನಿನ ಕ್ರಮವೇ ಬೇರೆ: ಅಲ್ಲಿ ತಣ್ಣನೆಯ ಪಾರ್ಸೆಲ್ ತಿಂಡಿ ಬಹುಮಟ್ಟಿಗೆ ತೆರಿಗೆಮುಕ್ತ, ಬಿಸಿಯಾದುದಕ್ಕೆ ಶೇ. 20. ನಮ್ಮಲ್ಲಿ ಆಹಾರದ ಬಿಸಿಗಿಂತ ಮಾರುವವರು ಯಾರೆಂಬುದೇ ಮುಖ್ಯ.

ವಯನಾಡಿನ ಪೋಷಕರು ಗಮನಿಸಬೇಕಾದದ್ದು ಇದನ್ನೇ. ವರ್ಷಕ್ಕೆ 20 ಲಕ್ಷ ರೂಪಾಯಿಯೊಳಗೆ ವಹಿವಾಟು ನಡೆಸುವ ತಟ್ಟುಕಡೆ ಅಥವಾ ಚಿಕ್ಕ ಹೋಟೆಲು ಸಾಮಾನ್ಯವಾಗಿ ನೋಂದಣಿ ಮಾಡಿಸಬೇಕಾಗಿಲ್ಲ. ನೋಂದಣಿ ಇಲ್ಲದವರು ತೆರಿಗೆಯೆಂದು ಒಂದು ಪೈಸೆಯನ್ನೂ ವಸೂಲು ಮಾಡುವಂತಿಲ್ಲ. ಇನ್ನು 1.5 ಕೋಟಿಯವರೆಗಿನ ವಹಿವಾಟಿನವರು ‘ಕಾಂಪೊಸಿಷನ್’ ಪದ್ಧತಿಯನ್ನು ಆರಿಸಿಕೊಳ್ಳಬಹುದು. ಅವರು ವಹಿವಾಟಿನ ಶೇ. 5ನ್ನು ತಮ್ಮ ಕೈಯಿಂದಲೇ ಕಟ್ಟಬೇಕು, ಗ್ರಾಹಕರಿಂದ ಪಡೆಯಕೂಡದು, ಈ ವಿಷಯವನ್ನು ಅಂಗಡಿಯ ಫಲಕದಲ್ಲೂ ಬಿಲ್ಲಿನಲ್ಲೂ ಕಾಣಿಸಬೇಕು. ಅಂತಹ ಹೋಟೆಲಿನ ಬಿಲ್ಲಿನಲ್ಲಿ ಜಿಎಸ್‌ಟಿಯ ಸಾಲು ಇದ್ದರೆ ಅದು ತಪ್ಪು. ಬಿಲ್ಲು ಇಂಗ್ಲಿಷಿನಲ್ಲೋ ಮಲಯಾಳದಲ್ಲೋ ಇರುತ್ತದೆಂಬ ಕಾರಣಕ್ಕೆ ಓದದೆ ಮಡಚಿಡುವ ನಮ್ಮ ರೂಢಿ ಇಲ್ಲಿ ನಷ್ಟವನ್ನೇ ತರುತ್ತದೆ.

ಓದುವುದು ಕಷ್ಟವಲ್ಲ. ಕೇರಳದ ನೋಂದಣಿ ಸಂಖ್ಯೆ 32ರಿಂದಲೂ ಕರ್ನಾಟಕದ್ದು 29ರಿಂದಲೂ ಆರಂಭವಾಗುತ್ತದೆ. 240 ರೂಪಾಯಿಯ ಪಾರ್ಸೆಲಿಗೆ ತೆರಿಗೆ 12 ರೂಪಾಯಿ: ಕೇಂದ್ರಕ್ಕೆ 6, ರಾಜ್ಯಕ್ಕೆ 6. ಊಟದ ಸೇವೆಯ ಸ್ಥಳ ಅದು ನಡೆದ ಊರೇ ಆದ್ದರಿಂದ ಸುಲ್ತಾನ್ ಬತ್ತೇರಿಯಲ್ಲಿ ಕೊಂಡರೆ ರಾಜ್ಯದ ಪಾಲು ಕೇರಳಕ್ಕೆ, ಗುಂಡ್ಲುಪೇಟೆಯಲ್ಲಿ ಕೊಂಡರೆ ಕರ್ನಾಟಕಕ್ಕೆ. ಕಟ್ಟಿಸಿಕೊಂಡ ಊಟವನ್ನು ಮುತ್ತಂಗ ದಾಟಿ ಮನೆಗೆ ತಂದು ಉಂಡರೂ ಈ ಲೆಕ್ಕ ಬದಲಾಗದು.

ಮನೆಗೇ ತರಿಸುವ ಆ್ಯಪ್‌ಗಳ ನಿಯಮ ಬೇರೆ. 2022ರ ಜನವರಿ 1ರಿಂದ ಸ್ವಿಗ್ಗಿ, ಜೊಮ್ಯಾಟೊ ಮೊದಲಾದ ಸಂಸ್ಥೆಗಳೇ ಆಹಾರದ ಮೇಲಿನ ಶೇ. 5 ತೆರಿಗೆಯನ್ನು ಸಂಗ್ರಹಿಸಿ ಕಟ್ಟಬೇಕು. ಹೀಗಾಗಿ ನೋಂದಣಿಯೇ ಇಲ್ಲದ ಅಂಗಡಿಯ ದೋಸೆಗೂ ಆ್ಯಪ್‌ನಲ್ಲಿ ತೆರಿಗೆ ಬೀಳುತ್ತದೆ. ಅಂಗಡಿಗೇ ಹೋಗಿ ತಂದರೆ ಇಲ್ಲ.

ಬಿಸಿ ಮಾಡುವುದೇ ವಿವಾದವಾದ ಪ್ರಸಂಗವೂ ಒಂದುಂಟು, ಅದಕ್ಕೆ ನಮ್ಮ ಜಿಲ್ಲೆಯ ನಂಟೂ ಇದೆ. ವಯನಾಡು ಮೂಲದ ಪಿ.ಸಿ. ಮುಸ್ತಫಾ ಬೆಂಗಳೂರಿನಲ್ಲಿ ಕಟ್ಟಿದ ಐಡಿ ಫ್ರೆಶ್ ಫುಡ್ ಸಂಸ್ಥೆಯ ಪ್ಯಾಕೆಟ್ ಪರೋಟಾಕ್ಕೆ 2020ರಲ್ಲಿ ಕರ್ನಾಟಕದ ಮುಂಗಡ ತೀರ್ಪು ಪ್ರಾಧಿಕಾರವು ಶೇ. 18 ತೆರಿಗೆ ಎಂದಿತು. ತಿನ್ನುವ ಮುನ್ನ ಪರೋಟಾವನ್ನು ಬಿಸಿ ಮಾಡಬೇಕಾದ್ದರಿಂದ ಅದು ರೊಟ್ಟಿ, ಚಪಾತಿಯಂತೆ ಸಿದ್ಧ ಆಹಾರವಲ್ಲವೆಂಬುದು ಅದರ ವಾದ. ಚಪಾತಿಯನ್ನೂ ನಾವು ತಣ್ಣಗೆ ತಿನ್ನುವುದಿಲ್ಲವಲ್ಲ! ಮಲಬಾರ್ ಪರೋಟಾದ ಮತ್ತೊಂದು ಪ್ರಕರಣದಲ್ಲಿ ಕೇರಳ ಹೈಕೋರ್ಟು 2024ರಲ್ಲಿ ಶೇ. 5 ಸಾಕೆಂದಿತು. 2025ರ ಸೆಪ್ಟೆಂಬರ್ 22ರಿಂದ ಚಪಾತಿ, ಪರೋಟಾ ಎಲ್ಲಕ್ಕೂ ತೆರಿಗೆ ಶೂನ್ಯ. ಆದರೆ ಇದು ಅಂಗಡಿಯಲ್ಲಿ ಸರಕಾಗಿ ಕೊಳ್ಳುವ ಪರೋಟಾಕ್ಕೆ. ಹೋಟೆಲಿನ ಕಾವಲಿಯಿಂದ ನೇರವಾಗಿ ಪೊಟ್ಟಣಕ್ಕೆ ಬರುವುದು ಈಗಲೂ ಶೇ. 5ರ ಸೇವೆ.

ತಪ್ಪು ವಸೂಲಿಯ ಬಗ್ಗೆ ದೂರಲು ಬಿಲ್ಲು ಕೈಯಲ್ಲಿರಬೇಕು. 200 ರೂಪಾಯಿಗಿಂತ ಕಡಿಮೆ ಮೊತ್ತಕ್ಕೆ ನೋಂದಾಯಿತ ಹೋಟೆಲು ತಾನಾಗಿ ಬಿಲ್ಲು ಕೊಡದಿರಬಹುದು, ಕೇಳಿದರೆ ಕೊಡಲೇಬೇಕು. ಅದರಲ್ಲಿರುವ ನೋಂದಣಿ ಸಂಖ್ಯೆಯನ್ನು ಜಿಎಸ್‌ಟಿ ಜಾಲತಾಣದಲ್ಲಿ ಹುಡುಕಿದರೆ ಹೋಟೆಲು ಸಾಮಾನ್ಯ ತೆರಿಗೆದಾರನೋ ಕಾಂಪೊಸಿಷನ್‌ನವನೋ ತಿಳಿಯುತ್ತದೆ. ಶಾಲಾ ಮಕ್ಕಳೂ ಮಾಡಬಲ್ಲ ಕೆಲಸವಿದು. ದೂರು ನೀಡಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915.