ಮೇಘದೂತದ ಸಾಲುಗಳಲ್ಲಿ ಪಾರ್ಶ್ವನಾಥನ ಕಥೆ

ಪೂರ್ವಕವಿಯ ಪಾದವೊಂದನ್ನು ಎತ್ತಿಕೊಂಡು ಉಳಿದವನ್ನು ತಾನೇ ತುಂಬಿ ಪದ್ಯ ಕಟ್ಟುವುದಕ್ಕೆ ಸಂಸ್ಕೃತದಲ್ಲಿ ಪಾದಪೂರ್ತಿ, ಸಮಸ್ಯಾಪೂರಣ ಎಂಬ ಹೆಸರುಗಳಿವೆ. ಆಸ್ಥಾನಗಳಲ್ಲಿ ಕವಿಯ ಚುರುಕುತನವನ್ನು ಪರೀಕ್ಷಿಸುತ್ತಿದ್ದ ಈ ಕಲೆಯಿಂದ ಇಡೀ ಕಾವ್ಯವನ್ನೇ ಕಟ್ಟಿದವನು ರಾಷ್ಟ್ರಕೂಟ ದೊರೆ ಅಮೋಘವರ್ಷನ ಗುರುವೆನಿಸಿದ ಜಿನಸೇನಾಚಾರ್ಯ. ನಾಲ್ಕನೆಯ ಶತಮಾನದ ರೋಮಿನಲ್ಲಿ ಪ್ರೋಬಾ ಎಂಬಾಕೆ ವರ್ಜಿಲನ ಸಾಲುಗಳನ್ನಷ್ಟೇ ಜೋಡಿಸಿ ಬೈಬಲಿನ ಕಥೆ ಹೇಳಿದ್ದಳು. ಜಿನಸೇನನ ದಾರಿ ಬೇರೆ: ಕಾಳಿದಾಸನ ಮೇಘದೂತವನ್ನು ಪೂರ್ತಿಯಾಗಿ ತೆಗೆದುಕೊಂಡು, ಅದರ ಸುತ್ತ ತನ್ನ ಸಾಲುಗಳನ್ನು ಹೆಣೆದು 364 ಪದ್ಯಗಳ 'ಪಾರ್ಶ್ವಾಭ್ಯುದಯ'ವನ್ನು ರಚಿಸಿದ.

ಒಂದು ಪದ್ಯದಲ್ಲಿ ಮೇಘದೂತದ ಒಂದೇ ಪಾದ ಬಂದರೆ ಪಾದವೇಷ್ಟಿತ, ಎರಡು ಬಂದರೆ ಅರ್ಧವೇಷ್ಟಿತ; ಕಾಳಿದಾಸನ ಪಾದಗಳ ನಡುವೆ ಜಿನಸೇನನವು ಸೇರಿದರೆ ಅಂತರಿತವೇಷ್ಟಿತ. ಕೊನೆಯ ಕೆಲವನ್ನು ಬಿಟ್ಟರೆ ಎಲ್ಲವೂ ಮಂದಾಕ್ರಾಂತ ವೃತ್ತವೇ. ಪಾದಕ್ಕೆ 17 ಅಕ್ಷರ. ನಾಲ್ಕು, ಆರು, ಏಳಕ್ಕೆ ಯತಿ. ಆದರೆ ಛಂದಸ್ಸಿಗಿಂತ ಕಠಿಣವಾದದ್ದು ಅರ್ಥ. ಮೂಲದ ಯಕ್ಷ ಅಲಕಾಪುರಿಯ ಪ್ರಿಯೆಗೆ ಮೇಘದ ಮೂಲಕ ಸಂದೇಶ ಕಳಿಸುವ ವಿರಹಿ. ಇಲ್ಲಿಯವನು ಶಂಬರ, ಪೂರ್ವಜನ್ಮದಲ್ಲಿ ಕಮಠನಾಗಿದ್ದು ತಮ್ಮ ಮರುಭೂತಿಯ ಮೇಲೆ ಹಗೆ ಸಾಧಿಸಿದವನು. ಮರುಭೂತಿಯೇ ಈಗ ಧ್ಯಾನದಲ್ಲಿ ನಿಂತ ಜೈನ ತೀರ್ಥಂಕರ ಪಾರ್ಶ್ವನಾಥ. ಅವನನ್ನು ಕದಲಿಸಲು ಶಂಬರ ಯುದ್ಧಕ್ಕೆ ಕರೆಯುತ್ತಾನೆ. ಸತ್ತು ಮೇಘವಾಗಿ ಅಲಕಾಪುರಿಗೆ ಹೋಗೆಂದು ಆಸೆ ಹುಟ್ಟಿಸುತ್ತಾನೆ. ಹೀಗೆ ಕಾಳಿದಾಸನಲ್ಲಿ ಪ್ರೇಮದ ಮಾತಾಗಿದ್ದ ಸಾಲುಗಳೇ ಇಲ್ಲಿ ಯೋಗಿಗೆ ಒಡ್ಡಿದ ಆಮಿಷಗಳಾಗುತ್ತವೆ. ಶೃಂಗಾರದ ಸೊಬಗನ್ನು ಕೆಡಿಸದೆ ಅದನ್ನು ವೈರಾಗ್ಯದ ಕಥೆಯೊಳಗೆ ತಂದದ್ದೇ ಜಿನಸೇನನ ನಿಜವಾದ ಸಾಧನೆ. ಕೊನೆಗೆ ನಾಗದೇವತೆಗಳಾದ ಧರಣೇಂದ್ರ, ಪದ್ಮಾವತಿಯರು ರಕ್ಷಣೆಗೆ ಬರುತ್ತಾರೆ. ಪಾರ್ಶ್ವನಾಥನಿಗೆ ಕೇವಲಜ್ಞಾನ ಉಂಟಾಗುತ್ತದೆ, ಶಂಬರ ಶರಣಾಗುತ್ತಾನೆ.

ಅಮೋಘವರ್ಷನ ಸಭೆಗೆ ಬಂದ ಕಾಳಿದಾಸನ ಗರ್ವ ಇಳಿಸಲು ಜಿನಸೇನ ಇದನ್ನು ಬರೆದನೆಂದು ವ್ಯಾಖ್ಯಾನಕಾರ ಯೋಗಿರಾಜ ಪಂಡಿತಾಚಾರ್ಯ ಹೇಳುತ್ತಾನೆ. ಇದು ನಂಬುವಂಥದ್ದಲ್ಲ, ಅಮೋಘವರ್ಷನಿಗಿಂತ ಬಹಳ ಹಿಂದಿನ, ಕ್ರಿ.ಶ. 634ರ ಐಹೊಳೆ ಶಾಸನದಲ್ಲೇ ರವಿಕೀರ್ತಿ ಕಾಳಿದಾಸನ ಹೆಸರು ಹೇಳಿದ್ದಾನೆ. ಮೇಘದೂತಕ್ಕೆ ಜೈನ ಕವಿಗಳು ತೋರಿದ ಒಲವು ಮುಂದೆಯೂ ಉಳಿಯಿತು. ವಿಕ್ರಮನ 'ನೇಮಿದೂತ'ದಲ್ಲಿ ಪ್ರತಿ ಪದ್ಯದ ಕೊನೆಯ ಪಾದ ಕಾಳಿದಾಸನದು.

ಪಾರ್ಶ್ವಾಭ್ಯುದಯ ಮೇಘದೂತದ ಪಾಠವನ್ನೂ ಕಾಪಾಡಿದೆ. ಹಸ್ತಪ್ರತಿಗಳಲ್ಲಿ ಪದ್ಯಗಳ ಸಂಖ್ಯೆ ಹೆಚ್ಚುಕಡಿಮೆಯಾಗುತ್ತದೆ. ಜಿನಸೇನ ಬಳಸಿಕೊಂಡವು 120. ಇದನ್ನು ಆಧರಿಸಿ ಕೆ. ಬಿ. ಪಾಠಕರು 1894ರಲ್ಲಿ ಮೇಘದೂತವನ್ನು ಸಂಪಾದಿಸಿದರು. ಅಮೋಘವರ್ಷನ ಆಸ್ಥಾನದ್ದೇ ಆದ 'ಕವಿರಾಜಮಾರ್ಗ'ವನ್ನು 1898ರಲ್ಲಿ ಅಚ್ಚಿಗೆ ತಂದವರೂ ಅವರೇ.